ಆರ್ಟ್ ಸಿಲ್ಕಿನಲ್ಲಿ ‘ಆರ್ಟ್’ ಎಲ್ಲಿದೆ?

ಹೈಸ್ಕೂಲಿನ ಹುಡುಗ ಇಂಗ್ಲಿಷ್ ಪರೀಕ್ಷೆಯಲ್ಲಿ ಮರುಭೂಮಿ ಎಂಬರ್ಥದ ‘ಡೆಸರ್ಟ್’ ಬರೆಯುವಾಗ ಒಂದು ಎಸ್ ಹೆಚ್ಚಿಗೆ ಹಾಕಿದನೆಂದರೆ ಅದು ಊಟದ ಕೊನೆಯಲ್ಲಿ ತಿನ್ನುವ ಸಿಹಿಯಾಗಿಬಿಡುತ್ತದೆ. ಅವನಿಗೆ ಹೋಗುವುದು ಒಂದು ಅಂಕ. ಅವನ ತಾಯಿ ಸೀರೆ ಅಂಗಡಿಯಲ್ಲೋ, ಬ್ಯಾಂಕಿನಲ್ಲೋ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ಇಂಥವೇ ಎರಡು ಪದಗಳನ್ನು ಅದಲುಬದಲು ಮಾಡಿಕೊಂಡರೆ ಹೋಗುವ ಲೆಕ್ಕವೇ ಬೇರೆ.

ಇಂಗ್ಲಿಷು ಬಾರದ ಮನೆಯಲ್ಲೂ ಇಂಗ್ಲಿಷು ಓಡಾಡುತ್ತದೆ, ನೋಡಿ. ಲೀಸು, ಅಡ್ವಾನ್ಸು, ನಾಮಿನಿ, ಪಾಸಿಟಿವ್, ಎಕ್ಸ್‌ಪೈರಿ, ಪ್ಯೂರ್ - ಇವೆಲ್ಲ ಈಗ ಕನ್ನಡವೇ ಆಗಿಹೋಗಿವೆ. ಇವನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಅಂಗಡಿಯವನ ಬಾಯಿಂದ, ನೆಂಟರ ಬಾಯಿಂದ ಕೇಳಿ ಕಲಿತವರು. ಕಿವಿಯಿಂದ ಕಲಿತ ಮಾತು ಕೆಲಸಕ್ಕೇನೋ ಬರುತ್ತದೆ. ಆದರೆ ಎರಡು ಬೇರೆ ಬೇರೆ ಪದಗಳು ಕಿವಿಗೆ ಒಂದೇ ಆಗಿ ಬಿದ್ದರೆ ಕಣ್ಣಿನಿಂದ ನೋಡದೆ ಬೇರೆ ದಾರಿಯಿಲ್ಲ. ಅಂಥ ಕೆಲವು ಪದಗಳನ್ನು, ಅದೂ ಗೃಹಿಣಿಯರ ಕೈಗೆ ದಿನವೂ ಸಿಗುವಂಥವನ್ನು, ಇಲ್ಲಿ ಎತ್ತಿಕೊಂಡಿದ್ದೇವೆ.

ಮಗ್ಗದ ಊರಿನ ಮಾತು

ದೊಡ್ಡಬಳ್ಳಾಪುರ ಮಗ್ಗಗಳ ಊರು. ಅಲ್ಲಿ ಕೆಲವು ಬೀದಿಗಳಲ್ಲಿ ಮಗ್ಗದ ಸದ್ದು ನಿಂತರೆ ಕರೆಂಟು ಹೋಗಿದೆ ಎಂದು ಅರ್ಥ. ಸಾವಿರಾರು ವಿದ್ಯುತ್ ಮಗ್ಗಗಳಿಂದ ಇಳಿಯುವ ಸೀರೆಗಳು ಬೆಂಗಳೂರಿಗೂ ಹೊರ ರಾಜ್ಯಗಳಿಗೂ ಹೋಗುತ್ತವೆ. ಅವುಗಳಲ್ಲಿ ರೇಷ್ಮೆಯವೂ ಉಂಟು, ‘ಆರ್ಟ್ ಸಿಲ್ಕ್’ ಎನ್ನುವವೂ ಉಂಟು.

ಈ ಆರ್ಟ್ ಸಿಲ್ಕ್ ಎಂದರೇನು? ಹತ್ತು ಜನ ಹೆಂಗಸರನ್ನು ಕೇಳಿದರೆ ಅರ್ಧ ಜನವಾದರೂ “ಕಲಾತ್ಮಕವಾಗಿ ನೇಯ್ದ ರೇಷ್ಮೆ, ಡಿಸೈನ್ ಜಾಸ್ತಿ ಇರುತ್ತಲ್ಲ ಅದು” ಅನ್ನುತ್ತಾರೆ. ಆರ್ಟ್ ಎಂದರೆ ಕಲೆ ತಾನೆ? ಮಕ್ಕಳ ಡ್ರಾಯಿಂಗ್ ಮೇಷ್ಟರನ್ನು ಆರ್ಟ್ ಮಾಸ್ಟರ್ ಅನ್ನುವುದಿಲ್ಲವೆ? ಆದರೆ ಸೀರೆಯ ಚೀಟಿಯ ಮೇಲಿನ ‘ಆರ್ಟ್’ ಆ ಆರ್ಟ್ ಅಲ್ಲ. ಅದು ‘ಆರ್ಟಿಫಿಶಿಯಲ್’ ಎಂಬ ಉದ್ದನೆಯ ಪದದ ಮೊದಲ ತುಂಡು. ಆರ್ಟಿಫಿಶಿಯಲ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಮರದ ತಿರುಳನ್ನು ಕರಗಿಸಿ ಎಳೆ ತೆಗೆದು ಮಾಡಿದ ವಿಸ್ಕೋಸ್ ನೂಲು ಯೂರೋಪಿನಲ್ಲಿ ಮಾರಾಟಕ್ಕೆ ಬಂದಾಗ ಅದರ ಹೊಳಪು ನೋಡಿ ಈ ಹೆಸರಿಟ್ಟರು. ಅಮೆರಿಕದವರು 1924ರಲ್ಲಿ ಅದಕ್ಕೆ ‘ರೇಯಾನ್’ ಎಂದು ಬೇರೆ ಹೆಸರು ಕೊಟ್ಟರೂ ನಮ್ಮ ಜವಳಿ ವ್ಯಾಪಾರದಲ್ಲಿ ಹಳೆಯ ಹೆಸರೇ ಮೊಟಕಾಗಿ ಉಳಿದುಕೊಂಡಿತು. ಈಗ ಪಾಲಿಯೆಸ್ಟರ್ ನೂಲಿನ ಸೀರೆಯನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ರೇಷ್ಮೆ ಹುಳುವಿಗೂ ಈ ಸೀರೆಗೂ ಯಾವ ಸಂಬಂಧವೂ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆರ್ಟ್ ಸಿಲ್ಕ್ ಸೀರೆ ಮೋಸದ ಸೀರೆಯಲ್ಲ. ಒಗೆಯಲು ಸುಲಭ, ದಿನಬಳಕೆಗೆ ಒದಗುತ್ತದೆ, ಬೆಲೆ ಕಡಿಮೆ, ಎಷ್ಟೋ ನೇಕಾರರ ಮನೆಯ ಒಲೆ ಅದರಿಂದ ಉರಿಯುತ್ತದೆ. ನೇಕಾರ ಅದನ್ನು ಕೃತಕ ರೇಷ್ಮೆಯೆಂದೇ ನೇಯುತ್ತಾನೆ, ಕೃತಕ ರೇಷ್ಮೆಯ ಕೂಲಿಯೇ ಅವನಿಗೆ ಸಿಗುವುದು. ಅದೇ ಸೀರೆ ಎರಡು ಮೂರು ಕೈ ದಾಟಿ ಮದುವೆ ಜವಳಿಯ ಅಂಗಡಿಗೆ ಬಂದು, ರೇಷ್ಮೆಯ ಬೆಲೆ ಹೊತ್ತುಕೊಂಡು ಕೂತರೆ ಆಗ ಮೋಸ.

‘ಸೆಮಿ ಸಿಲ್ಕ್’ ಎನ್ನುವುದೂ ಹೀಗೇ. ಸೆಮಿ ಎಂದರೆ ಅರ್ಧ ಎಂದು ಲೆಕ್ಕ ಹಾಕಿ ನಾವು ಅರ್ಧವಾದರೂ ರೇಷ್ಮೆ ಇದೆಯಲ್ಲ ಎಂದು ಸಮಾಧಾನಪಡುತ್ತೇವೆ. ಎಷ್ಟು ಭಾಗ ರೇಷ್ಮೆ ಎಂದು ಆ ಪದ ಎಲ್ಲೂ ಹೇಳುವುದಿಲ್ಲ. ಇನ್ನು ಜರಿಯ ಕಥೆ. ‘ಟೆಸ್ಟೆಡ್ ಜರಿ’ ಎಂದು ಕೇಳಿದರೆ ಪರೀಕ್ಷೆ ಮಾಡಿ ಪಾಸಾದ ಜರಿ ಅನ್ನಿಸುತ್ತದಲ್ಲವೆ? ವ್ಯಾಪಾರದ ಮಾತಿನಲ್ಲಿ ಅದು ಸಾಮಾನ್ಯವಾಗಿ ತಾಮ್ರದ ಎಳೆಯ ಮೇಲೆ ಬೆಳ್ಳಿಯ ತೆಳು ಲೇಪ ಕೊಟ್ಟ ಜರಿ. ಬೆಳ್ಳಿಯ ಎಳೆಯನ್ನು ರೇಷ್ಮೆ ದಾರಕ್ಕೆ ಸುತ್ತಿ ಮೇಲೆ ಚಿನ್ನದ ನೀರು ಕೊಟ್ಟದ್ದು ‘ರಿಯಲ್ ಜರಿ’. ಅಂದರೆ ‘ಟೆಸ್ಟೆಡ್’ ಎಂಬ ಘನವಾದ ಪದ ‘ರಿಯಲ್’ ಎಂಬ ಸಾದಾ ಪದಕ್ಕಿಂತ ಕೆಳಗಿನ ಮೆಟ್ಟಿಲಿನದು. ಹಳೆಯ ಸೀರೆ ಕೊಂಡುಕೊಳ್ಳುವವನು ಮನೆ ಬಾಗಿಲಿಗೆ ಬಂದಾಗ ಈ ವ್ಯತ್ಯಾಸ ಆತನಿಗೆ ಚೆನ್ನಾಗಿ ಗೊತ್ತಿರುತ್ತದೆ. ನಮಗೂ ಗೊತ್ತಿದ್ದರೆ ಒಳ್ಳೆಯದು.

ಗುರುತು ಹಿಡಿಯುವುದು ಹೇಗೆ? ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ‘ಸಿಲ್ಕ್ ಮಾರ್ಕ್’ ಎಂಬ ಗುರುತು ಬಂತು. ಸೀರೆಗೆ ಆ ಚೀಟಿ ಇದ್ದರೆ ನೂಲು ಅಪ್ಪಟ ರೇಷ್ಮೆ ಎಂದರ್ಥ. ಅದು ನೂಲಿನ ಮಾತು. ಜರಿಯ ಬಗ್ಗೆ ಆ ಚೀಟಿ ಏನೂ ಹೇಳುವುದಿಲ್ಲ. 2006ರಲ್ಲಿ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಇನ್ನೊಂದು. ಇದು ಕೈಮಗ್ಗದಲ್ಲಿ ನೇಯ್ದದ್ದು ಎಂಬುದಕ್ಕೆ ಗುರುತು. ಹತ್ತಿಯ ಟವಲಿಗೂ ಅದು ಸಿಗುತ್ತದೆ. ಎರಡರಲ್ಲೂ ‘ಮಾರ್ಕ್’ ಇದೆಯೆಂದು ಒಂದನ್ನು ತೋರಿಸಿ ಇನ್ನೊಂದರ ಬೆಲೆ ಕೇಳಿದರೆ ಕೊಡಬೇಡಿ.

ಚೀಟಿಯಿಲ್ಲದ ಸೀರೆಗೆ ನಮ್ಮ ಹಿರಿಯರ ಪರೀಕ್ಷೆಯೇ ಸರಿ. ಸೆರಗಿನ ತುದಿಯಿಂದ ಹಾಸಿನ ಎಳೆ ಒಂದು, ಹೊಕ್ಕಿನ ಎಳೆ ಒಂದು ಬಿಡಿಸಿಕೊಳ್ಳಿ. ಎರಡೂ ಬೇಕು, ಏಕೆಂದರೆ ಹಾಸು ರೇಷ್ಮೆಯಾಗಿದ್ದು ಹೊಕ್ಕು ಬೇರೆ ಇರುವ ಸೀರೆಗಳೂ ಇವೆ. ಇಕ್ಕಳದಲ್ಲಿ ಹಿಡಿದು, ಸೀರೆಯಿಂದಲೂ ಮಕ್ಕಳಿಂದಲೂ ದೂರವಾಗಿ, ಬೆಂಕಿಕಡ್ಡಿ ತೋರಿಸಿ. ರೇಷ್ಮೆ ನಿಧಾನವಾಗಿ ಸುಟ್ಟು ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ವಿಸ್ಕೋಸ್ ಕಾಗದದಂತೆ ಭಗ್ಗನೆ ಉರಿದು ಕಾಗದದ್ದೇ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆಗೂಡಿನ ಜೊತೆಯಲ್ಲೇ ಬೆಳೆದ ಹೆಣ್ಣುಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ, ಬಿಡಿ.

ಅಡುಗೆಮನೆಯಲ್ಲಿ

ಈಗ ನಮ್ಮ ಸ್ವಂತ ರಾಜ್ಯಕ್ಕೆ ಬರೋಣ. ಪುಸ್ತಕ ನೋಡಿ ಕೇಕು ಮಾಡಿದವರ ದೂರು ಒಂದೇ: “ಹೇಳಿದ ಹಾಗೇ ಹಾಕಿದೆ, ಆದರೂ ಕಹಿಯಾಯ್ತು.” ‘ಬೇಕಿಂಗ್ ಸೋಡಾ’ ಮತ್ತು ‘ಬೇಕಿಂಗ್ ಪೌಡರ್’ ಒಂದೇ ಎಂದುಕೊಂಡರೆ ಹೀಗಾಗುತ್ತದೆ. ಬೇಕಿಂಗ್ ಸೋಡಾ ನಮ್ಮ ಅಡುಗೆ ಸೋಡಾ. ಅದು ಉಬ್ಬಿಸಬೇಕಾದರೆ ಹಿಟ್ಟಿನಲ್ಲಿ ಮೊಸರು, ಮಜ್ಜಿಗೆ, ನಿಂಬೆರಸ - ಏನಾದರೂ ಹುಳಿ ಇರಲೇಬೇಕು. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆಗೆ ಹುಳಿಯ ಪುಡಿಯನ್ನೂ ಸ್ವಲ್ಪ ಗಂಜಿಪುಡಿಯನ್ನೂ ಮೊದಲೇ ಬೆರೆಸಿರುತ್ತಾರೆ, ಆದ್ದರಿಂದ ಅದು ತಾನೇ ಉಬ್ಬಿಸುತ್ತದೆ. ಸೋಡಾದ ಶಕ್ತಿ ಪೌಡರಿನ ಮೂರು ನಾಲ್ಕು ಪಟ್ಟು. ಒಂದು ಚಮಚ ಪೌಡರ್ ಹಾಕುವ ಕಡೆ ಒಂದು ಚಮಚ ಸೋಡಾ ಸುರಿದರೆ ಕೇಕು ಸೋಪಿನಂತಾಗುವುದು ಸಹಜವೇ. ‘ವಾಷಿಂಗ್ ಸೋಡಾ’ ಮಾತ್ರ ಇವೆರಡಕ್ಕೂ ಸೇರಿದ್ದಲ್ಲ. ಅದು ಬಟ್ಟೆಯ ಕೊಳೆ ತೆಗೆಯುವ ಖಾರದ ಪುಡಿ, ಹೊಟ್ಟೆಗೆ ಹೋದರೆ ಬಾಯಿ ಗಂಟಲು ಸುಡುತ್ತದೆ. ಬಿಳಿಯ ಪುಡಿ ಬಿಳಿಯ ಪುಡಿಯ ಪಕ್ಕ ಇಡದಿರುವುದೇ ಜಾಣತನ.

‘ಕಾರ್ನ್ ಫ್ಲೋರ್’ ಬರೆದಿದ್ದರೆ ಮುಸುಕಿನ ಜೋಳವನ್ನು ಮಿಲ್ಲಿಗೆ ಕಳಿಸಬೇಡಿ. ನಮ್ಮ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಸಿಗುವುದು ಜೋಳದ ಗಂಜಿಯ ನುಣುಪಾದ ಬಿಳಿ ಪುಡಿ. ಸೂಪು, ಗೊಜ್ಜು ಗಟ್ಟಿಯಾಗಲು ಹಾಕುವಂಥದು. ಬೀಸಿದ ಹಳದಿ ಹಿಟ್ಟು ಬೇರೆ.

ಚಮಚದ ವಿಷಯ ಸ್ವಲ್ಪ ನಿಧಾನವಾಗಿ ಓದಿ. ‘ಟೀ ಸ್ಪೂನ್’ ಎಂದರೆ 5 ಮಿಲಿಲೀಟರ್. ‘ಟೇಬಲ್ ಸ್ಪೂನ್’ ಎಂದರೆ 15 ಮಿಲಿಲೀಟರ್, ಸರಿಯಾಗಿ ಮೂರರಷ್ಟು. ಪಾಕವಿಧಾನದಲ್ಲಿ ಎರಡನ್ನೂ ಮೊಟಕು ಮಾಡಿ ಬರೆಯುವಾಗ ಉಳಿಯುವ ವ್ಯತ್ಯಾಸ ನಡುವಿನ ಒಂದು ‘ಬಿ’ ಅಕ್ಷರ. ಅದೂ ಇಲ್ಲದಿದ್ದರೆ ಚಿಕ್ಕ ‘ಟಿ’, ದೊಡ್ಡ ‘ಟಿ’. ಸಾರಿಗೆ ಮೂರರಷ್ಟು ಖಾರ ಬಿದ್ದರೆ ಗಂಡಸರು ಎರಡು ಮಾತು ಅಂದು ಮಜ್ಜಿಗೆ ಕುಡಿದು ಏಳುತ್ತಾರೆ. ಮಗುವಿನ ಜ್ವರದ ಸಿರಪ್ಪು ಮೂರರಷ್ಟು ಬಿದ್ದರೆ ಅದು ಆಟದ ಮಾತಲ್ಲ. ನಮ್ಮ ಮನೆಯ ಚಮಚಗಳೋ, ಒಂದರಂತೆ ಒಂದಿಲ್ಲ. ಆದ್ದರಿಂದ ಔಷಧಿಗೆ ಮನೆಯ ಚಮಚ ಬೇಡವೇ ಬೇಡ. ಸೀಸೆಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವೋ ಪಿಚಕಾರಿಯೋ ಉಪಯೋಗಿಸಿ, ಎಷ್ಟು ಮಿಲಿಲೀಟರ್ ಎಂದು ಔಷಧಿ ಕೊಡುವವರ ಕೈಯಲ್ಲೇ ಚೀಟಿಯ ಮೇಲೆ ಬರೆಸಿಕೊಳ್ಳಿ.

ಪೊಟ್ಟಣದ ಮೇಲೆ

ದಿನಸಿ ಪೊಟ್ಟಣದ ಮೇಲೆ ‘ಬೆಸ್ಟ್ ಬಿಫೋರ್’ ಎಂದಿದ್ದರೆ ಆ ತಾರೀಖಿನವರೆಗೆ ರುಚಿ, ಗರಿಗರಿ, ಪರಿಮಳ ಚೆನ್ನಾಗಿರುತ್ತದೆ ಎಂದರ್ಥ. ಮಾರನೆಯ ದಿನವೇ ಅದು ವಿಷವಾಗುವುದಿಲ್ಲ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದಿದ್ದರೆ ಮಾತು ಮುಗಿಯಿತು, ಆ ತಾರೀಖು ದಾಟಿದ್ದನ್ನು ತಿನ್ನಬಾರದು, ಮಾರಲೂಬಾರದು. ಔಷಧಿಗಂತೂ ಎಕ್ಸ್‌ಪೈರಿ ಒಂದೇ ಲೆಕ್ಕ.

ಬೇಸಗೆ ರಜೆಯಲ್ಲಿ ಮಕ್ಕಳಿಗೆ ಐಸ್‌ಕ್ರೀಂ ಡಬ್ಬಿ ತರುತ್ತೀರಿ. ಮುಚ್ಚಳದ ಮೇಲೆ ‘ಐಸ್‌ಕ್ರೀಂ’ ಎಂದು ಇರುವುದೇ ಇಲ್ಲ, ‘ಫ್ರೋಜನ್ ಡೆಸರ್ಟ್’ ಎಂದಿರುತ್ತದೆ. (ನಮ್ಮ ಹೈಸ್ಕೂಲು ಹುಡುಗನ ಎರಡು ಎಸ್ಸಿನ ಡೆಸರ್ಟ್ ಇದೇ.) ಐಸ್‌ಕ್ರೀಮಿನ ಕೊಬ್ಬು ಹಾಲಿನದು, ಫ್ರೋಜನ್ ಡೆಸರ್ಟಿನದು ಸಾಮಾನ್ಯವಾಗಿ ಸಸ್ಯದ ಎಣ್ಣೆಯದು. ತಿನ್ನಬಾರದೆಂದಲ್ಲ, ಹಾಲಿನದೆಂದು ತಿಳಿದು ದುಡ್ಡು ಕೊಡಬಾರದು, ಅಷ್ಟೆ. ‘ಫ್ರೂಟ್ ಜ್ಯೂಸ್’ ಹಣ್ಣಿನ ರಸ. ‘ಫ್ರೂಟ್ ಡ್ರಿಂಕ್’ ಎಂದರೆ ನೂರರಲ್ಲಿ 10 ಭಾಗ ರಸವಿದ್ದರೂ ಸಾಕು, ನಿಂಬೆಯದಾದರೆ 5 ಭಾಗ. ಉಳಿದದ್ದು ಹೆಚ್ಚಾಗಿ ಸಕ್ಕರೆ ನೀರು. ಬಾಣಂತಿಗೆ, ರೋಗಿಗೆ ಒಯ್ಯುವವರು ನೋಡಿ ಒಯ್ಯಿರಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ನೊಂದು ಜೋಡಿ: ‘ಶುಗರ್ ಫ್ರೀ’ ಎಂದರೆ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ‘ನೋ ಆಡೆಡ್ ಶುಗರ್’ ಎಂದರೆ ತಯಾರಿಸಿದವರು ಮೇಲಿನಿಂದ ಸಕ್ಕರೆ ಹಾಕಿಲ್ಲ. ಹಣ್ಣಿನದೋ ಹಾಲಿನದೋ ಸ್ವಂತ ಸಕ್ಕರೆ ಒಳಗೇ ಇರಬಹುದು.

ಹೈಪರ್, ಹೈಪೋ

ಆಸ್ಪತ್ರೆಯ ಇಂಗ್ಲಿಷು ಗಾಬರಿಯಲ್ಲಿ ಕೇಳುವ ಇಂಗ್ಲಿಷು. ಡಾಕ್ಟರು “ಹೈಪೋ ಆಗಿದೆ” ಎಂದದ್ದು ಮನೆಗೆ ಬರುವಷ್ಟರಲ್ಲಿ “ಹೈಪರ್ ಅಂತೆ” ಆಗಿರುತ್ತದೆ. ‘ಹೈಪರ್’ ಎಂದರೆ ಹೆಚ್ಚು, ‘ಹೈಪೋ’ ಎಂದರೆ ಕಡಿಮೆ. ಥೈರಾಯ್ಡಿನಲ್ಲಿ ಇವೆರಡಕ್ಕೂ ಔಷಧಿ ಬೇರೆ ಬೇರೆ. ಪಕ್ಕದ ಮನೆಯವರ ಮಾತ್ರೆ ನಿಮಗೆ ಆಗುವುದಿಲ್ಲ.

ಸಕ್ಕರೆ ಕಾಯಿಲೆಯಲ್ಲಿ ಈ ವ್ಯತ್ಯಾಸ ಕೆಲವು ನಿಮಿಷಗಳಲ್ಲಿ ತೀರ್ಮಾನವಾಗುವಂಥದು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ತಡವಾದವರಿಗೆ ಮೈ ಬೆವರುವುದು, ಕೈ ನಡುಗುವುದು, ಮಾತು ತೊದಲುವುದು, ಮಂಕಾಗುವುದು - ಇದು ಹೈಪೋ, ರಕ್ತದಲ್ಲಿ ಸಕ್ಕರೆ ಇಳಿದುಹೋಗಿದೆ. ಆಗ ಎರಡು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು. “ಅಯ್ಯೋ, ಶುಗರ್ ಪೇಷಂಟಿಗೆ ಸಕ್ಕರೆಯಾ?” ಎಂದು ಅತ್ತೆಯವರು ತಡೆದರೂ ಕೊಡಿ. ಹೈಪೋನೋ ಹೈಪರೋ ಎಂದು ತಿಳಿಯದೆ, ಅಳೆಯುವ ಯಂತ್ರವೂ ಹತ್ತಿರ ಇಲ್ಲದಿದ್ದರೆ, ಎಚ್ಚರವಿರುವ ರೋಗಿಗೆ ಸಕ್ಕರೆ ಕೊಡುವುದೇ ಮೇಲು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಚಿಕ್ಕ ಮಾತು. ‘ಪಾಸಿಟಿವ್’ ಎಂದರೆ ಊರಲ್ಲೆಲ್ಲ ಒಳ್ಳೆಯದು, ರಿಪೋರ್ಟಿನಲ್ಲಿ ಮಾತ್ರ ಹುಡುಕಿದ್ದು ಸಿಕ್ಕಿತು ಎಂದು. ಬಸುರಿನ ಪರೀಕ್ಷೆಯಲ್ಲಿ ಸಿಕ್ಕಿದರೆ ಪಾಯಸ, ರೋಗದ ಪರೀಕ್ಷೆಯಲ್ಲಿ ಸಿಕ್ಕಿದರೆ ಚಿಕಿತ್ಸೆ. ಗಂಟಿನ ರಿಪೋರ್ಟಿನಲ್ಲಿ ‘ಬಿನೈನ್’ ಎಂದಿದ್ದರೆ ಅದು ಕ್ಯಾನ್ಸರ್ ಗಂಟಲ್ಲ. ‘ಮ್ಯಾಲಿಗ್ನಂಟ್’ ಎಂದಿದ್ದರೆ ಹೌದು.

ಫಾರ್ಮರ್ ಯಾರು?

ಬ್ಯಾಂಕಿನಲ್ಲಿ ಗಂಡ ಹೆಂಡತಿ ಸೇರಿ ಜಂಟಿ ಖಾತೆ ತೆರೆಯುವಾಗ ಫಾರಂನಲ್ಲಿ ಒಂದು ಗುರುತು ಹಾಕಬೇಕಾಗುತ್ತದೆ. ‘ಐದರ್ ಆರ್ ಸರ್ವೈವರ್’ ಎಂಬುದು ಒಂದು, ‘ಫಾರ್ಮರ್ ಆರ್ ಸರ್ವೈವರ್’ ಎಂಬುದು ಇನ್ನೊಂದು. “ನಾವು ರೈತರಲ್ವಾ, ಫಾರ್ಮರ್ ಅಂತಲೇ ಹಾಕಿ ಸಾರ್” ಎಂದು ಹೇಳಿದ್ದರೂ ಹೇಳಿರಬಹುದು ಹೊಸಕೋಟೆ ಕಡೆಯ ಯಾರಾದರೂ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಕಾಣುತ್ತದೆ. ರೈತ ಎಂಬ ಫಾರ್ಮರಿಗೆ ಎಫ್ ಆದ ಮೇಲೆ ಎ. ಬ್ಯಾಂಕಿನ ಫಾರ್ಮರಿಗೆ ಎಫ್ ಆದ ಮೇಲೆ ಓ, ಅದರ ಅರ್ಥ ‘ಮೊದಲು ಹೇಳಿದವರು’. ಖಾತೆಯಲ್ಲಿ ಮೊದಲ ಹೆಸರು ಯಾರದೋ ಅವರು ಬದುಕಿರುವವರೆಗೆ ಅವರೊಬ್ಬರೇ ಹಣ ತೆಗೆಯಬಹುದು. ಎರಡನೆಯ ಹೆಸರಿನವರಿಗೆ ಅಧಿಕಾರ ಬರುವುದು ಮೊದಲಿನವರು ತೀರಿಕೊಂಡ ಮೇಲೆ. ‘ಐದರ್’ ಎಂದರೆ ಇಬ್ಬರಲ್ಲಿ ಯಾರಾದರೂ. ಯಜಮಾನರು ಐ.ಸಿ.ಯು.ನಲ್ಲಿ ಮಲಗಿರುವಾಗ, ಖಾತೆಯಲ್ಲಿ ಹೆಂಡತಿಯ ಹೆಸರಿದ್ದೂ ಅವಳಿಗೆ ದುಡ್ಡು ಬಾರದೆ ಹೋಗುವುದು ಈ ಒಂದು ಪದದಿಂದ. ಪಾಸ್‌ಬುಕ್ಕಿನ ಮೊದಲ ಪುಟ ತೆಗೆದು ಇವತ್ತೇ ನೋಡಬಹುದು. ಇಬ್ಬರೂ ಹೋಗಿ ಬರೆದುಕೊಟ್ಟರೆ ಬದಲಾಯಿಸುತ್ತಾರೆ.

‘ನಾಮಿನಿ’ ಎಂದರೆ ವಾರಸುದಾರ ಎಂದೇ ನಮ್ಮ ತಿಳಿವಳಿಕೆ. ಹಾಗಲ್ಲ. ನಾಮಿನಿ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ಕೈ. ಆ ಹಣ ಯಾರಿಗೆ ಸೇರಬೇಕೋ ಆ ವಾರಸುದಾರರ ಪರವಾಗಿ ಪಡೆದದ್ದು. ಜೀವವಿಮೆಯ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1983ರಲ್ಲೇ ಹೀಗೆಂದು ತೀರ್ಪು ಕೊಟ್ಟಿತು. 2015ರಲ್ಲಿ ವಿಮಾ ಕಾಯಿದೆಗೆ ತಿದ್ದುಪಡಿ ಬಂದ ಮೇಲೆ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ಜೀವವಿಮೆಗೆ ನಾಮಿನಿಯಾಗಿದ್ದರೆ ಹಣ ಅವರದೇ ಆಗುತ್ತದೆ. ಬ್ಯಾಂಕಿನ ಠೇವಣಿಗೆ ಹಳೆಯ ಅರ್ಥವೇ. ಮದುವೆಗೆ ಮುಂಚೆ ಅಣ್ಣನನ್ನೋ ತಾಯಿಯನ್ನೋ ನಾಮಿನಿ ಮಾಡಿ ಮರೆತ ಖಾತೆಗಳು ಎಷ್ಟೋ ಇರುತ್ತವೆ.

‘ಕ್ರೆಡಿಟ್’ ಬಂದದ್ದು, ‘ಡೆಬಿಟ್’ ಹೋದದ್ದು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಆರಂಭವಾದ ಮೇಲೆ ಈ ಎರಡು ಪದಗಳನ್ನು ಮೊಬೈಲಿನಲ್ಲಿ ಹುಡುಕುವುದು ಎಲ್ಲರಿಗೂ ಬಂದುಬಿಟ್ಟಿದೆ. ಜೊತೆಗೆ ಇದೂ ನೆನಪಿರಲಿ: ಹಣ ಕ್ರೆಡಿಟ್ ಆಗಲು ನಿಮ್ಮ ಪಿನ್ ಬೇಕಾಗಿಲ್ಲ. ಯಾರಾದರೂ ಕೇಳಿದರೆ ಅದು ಡೆಬಿಟ್‌ಗೆ.

ಸಾಕ್ಷಿಗೆ ಒಂದು ಸೈನು

ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವ ಪದಗಳು ಇರುವುದು ಛಾಪಾ ಕಾಗದದ ಮೇಲೆ. ಸಂಘದ ಸಾಲಕ್ಕೋ ಫೈನಾನ್ಸಿನ ಸಾಲಕ್ಕೋ ನೆರೆಯಾಕೆ ಕರೆದಳೆಂದು ಹೋಗಿ ಸೈನು ಹಾಕುತ್ತೇವೆ. ‘ವಿಟ್ನೆಸ್’ ಎಂದಿರುವ ಜಾಗದಲ್ಲಿ ಹಾಕಿದರೆ ಅವಳು ಸೈನು ಮಾಡಿದ್ದನ್ನು ನೋಡಿದೆ ಎಂದಷ್ಟೇ. ‘ಗ್ಯಾರಂಟರ್’ ಎಂದಿರುವ ಜಾಗದಲ್ಲಿ ಹಾಕಿದರೆ ನಾವು ಜಾಮೀನುದಾರರು. 1872ರ ಕರಾರು ಕಾಯಿದೆಯ ಪ್ರಕಾರ, ಕಾಗದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲ ಪಡೆದವಳ ಹೊಣೆ ಎಷ್ಟೋ ಜಾಮೀನು ನಿಂತವಳದೂ ಅಷ್ಟೇ. ‘ಕೋ-ಬಾರೋಯರ್’ ಎಂದಿದ್ದರೆ ನಾವೇ ಸಾಲಗಾರರು.

ಜಮೀನಿನ ವಿಷಯಕ್ಕೆ ಬಂದರೆ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದಾಗಿನಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಭೂಮಿಯ ಬೆಲೆ ಏರಿದ ಬಗೆ ಎಲ್ಲರಿಗೂ ಗೊತ್ತು. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಪಾರ್ಟಿಗಳು ಬರುತ್ತಾರೆ. ಮಾರುವ ಮುಂಚೆ ಕೊಳ್ಳುವವರ ವಕೀಲರು ಕೇಳುವ ಮೊದಲ ಮಾತು, “ಹೆಣ್ಣುಮಕ್ಕಳ ಸೈನ್ ಆಗಿದೆಯಾ?” ಆಮೇಲೆ ತವರಿನಿಂದ ಫೋನು ಬರುತ್ತದೆ. “ಏನಿಲ್ಲ ಕಣವ್ವ, ಸಾಕ್ಷಿಗೆ ಒಂದು ಸೈನು ಅಷ್ಟೆ. ಬಾ, ಊಟ ಮಾಡ್ಕೊಂಡು ಸಾಯಂಕಾಲದ ಬಸ್ಸಿಗೆ ಹೋಗುವಂತೆ.” ಹೋಗುತ್ತೇವೆ. ಒಂದು ಸೀರೆ, ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ದುಡ್ಡು. ಅಣ್ಣ ಹೇಳಿದ ಮೇಲೆ ಓದುವುದುಂಟೆ?

ಓದಬೇಕಾದ್ದು ಒಂದೇ ಪದ. ‘ವಿಟ್ನೆಸ್’ ಎಂದಷ್ಟೇ ಇದ್ದರೆ ಅದು ನಿಜವಾದ ಸಾಕ್ಷಿ. ಆ ಸೈನಿನಿಂದ ನಮ್ಮ ಪಾಲು ಸಾಮಾನ್ಯವಾಗಿ ಹೋಗುವುದಿಲ್ಲ. ಅದರ ಹಿಂದೆ ‘ಕನ್ಸೆಂಟಿಂಗ್’ ಎಂಬ ಇನ್ನೊಂದು ಪದ ಸೇರಿ ‘ಕನ್ಸೆಂಟಿಂಗ್ ವಿಟ್ನೆಸ್’ ಆಗಿದ್ದರೆ ಅರ್ಥವೇ ತಿರುಗಿತು. ಈ ಮಾರಾಟಕ್ಕೆ ನನ್ನ ಒಪ್ಪಿಗೆಯಿದೆ, ನನ್ನ ತಕರಾರಿಲ್ಲ ಎಂದು ಬರೆದುಕೊಟ್ಟಂತೆ. ಕನ್ನಡದ ಪತ್ರಗಳಲ್ಲಿ ‘ಒಪ್ಪಿಗೆ ಸಾಕ್ಷಿ’ ಎಂದಿರುತ್ತದೆ. ಬಾಯಲ್ಲಿ ಹೇಳುವಾಗ ಎರಡನ್ನೂ ಸಾಕ್ಷಿ ಎಂದೇ ಹೇಳುತ್ತಾರೆ, ಹೇಳಿದವರು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ!

ಇನ್ನೊಂದು ಜೋಡಿ ‘ಲೀಸ್’ ಮತ್ತು ‘ರಿಲೀಸ್’. ಲೀಸ್ ಎಂದರೆ ಗುತ್ತಿಗೆ, ಅವಧಿ ಮುಗಿದ ಮೇಲೆ ಆಸ್ತಿ ನಮ್ಮದೇ. ‘ರಿಲೀಸ್ ಡೀಡ್’ ಎಂದರೆ ಹಕ್ಕು ಖುಲಾಸೆ ಪತ್ರ. ನೋಂದಾಯಿಸಿದ ಮೇಲೆ ಆ ಆಸ್ತಿಯಲ್ಲಿ ನಮ್ಮದೆಂಬುದು ಉಳಿಯುವುದಿಲ್ಲ. ಸಿನಿಮಾ ರಿಲೀಸಿನಿಂದ ಪರಿಚಯವಾದ ಪದ, ಕೇಳಲು ಹಿತವಾಗಿದೆ. ಬಿಡುಗಡೆಯಾಗುವುದು ಮಾತ್ರ ನಮ್ಮ ಪಾಲು. ‘ಪಾರ್ಟಿಶನ್ ಡೀಡ್’ ಆದರೆ ವಿಭಾಗ ಪತ್ರ, ಅದರಲ್ಲಿ ನಮ್ಮ ಹೆಸರಿನ ಎದುರು ಏನಾದರೂ ಬರೆದಿರಬೇಕು.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವುದರಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. 1994ರ ಜುಲೈ 30ರಿಂದ, ಅದಕ್ಕೆ ಮುಂಚೆ ಮದುವೆಯಾಗಿದ್ದವರನ್ನು ಬಿಟ್ಟು, ಇಲ್ಲಿ ಆ ಕಾನೂನು ಬಂತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರು, ಆಗದವರು ಎಂಬ ಭೇದವೂ ಹೋಯಿತು. ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುವುದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಮುಗಿದ ವಿಭಾಗಗಳನ್ನು ಮಾತ್ರ ಮತ್ತೆ ತೆರೆಯುವಂತಿಲ್ಲ. ಪಾಲು ಬೇಡ, ಅಣ್ಣತಮ್ಮಂದಿರು ಚೆನ್ನಾಗಿರಲಿ ಎಂದು ಬರೆದುಕೊಡುವ ಅಕ್ಕತಂಗಿಯರೂ ಇದ್ದಾರೆ. ಗೌರಿ ಹಬ್ಬಕ್ಕೆ ಬಾಗಿನ ಬರುವ ದಾರಿ ಮುಚ್ಚಬಾರದೆಂಬ ಆಸೆ ಅವರದು, ಅದು ಅವರ ಇಷ್ಟ. ಕೊಡುತ್ತಿದ್ದೇನೆಂದು ತಿಳಿದು ಕೊಟ್ಟರೆ ಅದು ಕೊಡುಗೆ. ಸಾಕ್ಷಿ ಹಾಕಿದೆ ಎಂದುಕೊಂಡು ಬಂದಿದ್ದರೆ ಅದಕ್ಕೆ ಬೇರೆ ಹೆಸರಿದೆ.

‘ಜನರಲ್’ ಮತ್ತು ‘ಸ್ಪೆಷಲ್’ ಪವರ್ ಆಫ್ ಅಟಾರ್ನಿಯಲ್ಲೂ ಕಿವಿ ಮೋಸ ಮಾಡುತ್ತದೆ. ಸ್ಪೆಷಲ್ ದೋಸೆ ಸಾದಾ ದೋಸೆಗಿಂತ ದೊಡ್ಡದೆಂಬ ಅಭ್ಯಾಸದಲ್ಲಿ ಸ್ಪೆಷಲ್ ಅಧಿಕಾರಪತ್ರವೇ ದೊಡ್ಡದು ಅನ್ನಿಸುತ್ತದೆ. ಇಲ್ಲಿ ತಿರುಗುಮುರುಗು. ಸ್ಪೆಷಲ್ ಎಂದರೆ ಒಂದು ಗೊತ್ತಾದ ಕೆಲಸಕ್ಕೆ ಮಾತ್ರ. ಜನರಲ್ ಎಂದರೆ ಅಗಲವಾದ ಅಧಿಕಾರ, ಬರೆದ ರೀತಿಯ ಮೇಲೆ ಮಾರುವ ಅಧಿಕಾರವೂ ಸೇರಿರಬಹುದು. ನಿವೇಶನ ಕೊಳ್ಳುವವರಿಗೆ ಇದರ ಇನ್ನೊಂದು ಮುಖ: ಬರೀ ಜಿ.ಪಿ.ಎ. ಬರೆಸಿಕೊಂಡರೆ ಸೈಟು ನಮ್ಮದಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಖಚಿತವಾಗಿ ಹೇಳಿದೆ. ‘ರೆವಿನ್ಯೂ ಸೈಟು’ ಎಂಬ ಹೆಸರು ಕೇಳಿ ರೆವಿನ್ಯೂ ಇಲಾಖೆಯೇ ಒಪ್ಪಿದ ಸೈಟು ಎಂದುಕೊಳ್ಳುವವರಿಗೂ ಒಂದು ಮಾತು. ಬೇಸಾಯದ ಭೂಮಿಯನ್ನು ಪರಿವರ್ತನೆ ಮಾಡಿಸದೆ ತುಂಡು ಹಾಕಿ ಮಾರಿದ್ದಕ್ಕೆ ನಮ್ಮ ಕಡೆಯ ವಾಡಿಕೆಯ ಹೆಸರು ಅದು.

‘ನೋಟೀಸು’ ಮತ್ತು ‘ನೋಟಿಫಿಕೇಶನ್’ ಬೇರೆ ಎಂಬುದನ್ನು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 13 ಹಳ್ಳಿಗಳ 1,777 ಎಕರೆ ಕೈಗಾರಿಕೆಗೆ ಹೋಗುವುದನ್ನು ತಡೆಯಲು ಅಲ್ಲಿನ ರೈತರು, ಹೆಂಗಸರೂ ಸೇರಿ, ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ನೋಟೀಸು ನಮ್ಮ ಹೆಸರಿಗೆ ಬರುವ ಪತ್ರ. ನೋಟಿಫಿಕೇಶನ್ ಸರ್ಕಾರದ ಗೆಜೆಟ್ಟಿನ ಪ್ರಕಟಣೆ. ಅದರಲ್ಲೂ ‘ಪ್ರಿಲಿಮಿನರಿ’ ಎಂಬುದು ಮೊದಲನೆಯದು, ಅದರ ಮೇಲೆ ಆಕ್ಷೇಪಣೆ ಸಲ್ಲಿಸಬಹುದು. ‘ಫೈನಲ್’ ಬಂದರೆ ಭೂಮಿ ಸರ್ಕಾರಕ್ಕೆ ಸೇರಿದಂತೆ.

ಬಾಡಿಗೆ ಮನೆಯವರಿಗೂ ಒಂದು ಮಾತು ಉಳಿದಿದೆ. ನಮ್ಮಲ್ಲಿ ‘ಲೀಸಿಗೆ ಮನೆ’ ಎಂದರೆ ಒಂದೇ ಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಅಂದರೆ ಹಳೆಯ ಭೋಗ್ಯ. ಇಂಗ್ಲಿಷಿನ ‘ಲೀಸ್’ನಲ್ಲಿ ತಿಂಗಳ ಬಾಡಿಗೆಯೂ ಸೇರಿರಬಹುದು. ಮನೆಯ ಮೇಲೆ ಮೊದಲೇ ಬ್ಯಾಂಕಿನ ‘ಮಾರ್ಟ್‌ಗೇಜ್’, ಅಂದರೆ ಅಡಮಾನ ಇದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡದೆ ಗಂಟು ಬಿಚ್ಚಬೇಡಿ.

ಓದಲು ಬಾರದಿದ್ದರೆ, ಓದಿದರೂ ಅರ್ಥವಾಗದಿದ್ದರೆ? ಸೈನು ಹಾಕುವ ಮುಂಚೆ ಕರಡಿನ ಜೆರಾಕ್ಸ್ ಒಂದು ಕೇಳಿ ಪಡೆದು, “ಮನೆಯವರಿಗೆ ತೋರಿಸಿ ಬರ್ತೀನಣ್ಣ” ಎಂದು ಒಂದು ದಿನದ ಅವಕಾಶ ತೆಗೆದುಕೊಳ್ಳಿ. ತಾಲ್ಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೆ ಅಲ್ಲಿ ವಕೀಲರ ಸಲಹೆ ಉಚಿತ, ಆದಾಯ ಎಷ್ಟೆಂದು ಕೇಳುವಂತಿಲ್ಲ. ಫೋನಿನಲ್ಲಿ ಕೇಳುವುದಾದರೆ 15100. ರಿಜಿಸ್ಟ್ರೇಶನ್ ದಿನ ಸಬ್ ರಿಜಿಸ್ಟ್ರಾರರು ಇದನ್ನು ನೀವೇ ಬರೆದುಕೊಟ್ಟದ್ದೇ ಎಂದು ಕೇಳುತ್ತಾರೆ. ಹಿಂದಿನವರು ನೂಕುತ್ತಿರುತ್ತಾರೆ, ಅಣ್ಣ “ಹೂಂ ಅನ್ನು” ಎಂದು ಸನ್ನೆ ಮಾಡುತ್ತಿರುತ್ತಾನೆ. ಆ ಪ್ರಶ್ನೆ ಕೇಳುವುದು ನಿಮ್ಮನ್ನು. ಬರೆದುಕೊಟ್ಟಿಲ್ಲ ಎಂದರೆ ನಿಮ್ಮ ಮಟ್ಟಿಗೆ ಆ ಪತ್ರವನ್ನು ಅವರು ನೋಂದಾಯಿಸುವಂತಿಲ್ಲ.